ದೀಪ ದೊಡ್ಡದು ಮಾಡುವುದು

ನಮ್ಮ ಮನೆಯಲ್ಲಿ ದೀಪವನ್ನು ಯಾರೂ ಆರಿಸುತ್ತಿರಲಿಲ್ಲ, ದೊಡ್ಡದು ಮಾಡುತ್ತಿದ್ದೆವು. ಮಲಗುವ ಹೊತ್ತಿಗೆ ಅವ್ವ "ದೀಪ ದೊಡ್ಡದು ಮಾಡಿ ಬಾ" ಎಂದು ಹೇಳುವಳು, ನಾನು ಹೋಗಿ ಹೂವಿನ ತುದಿಯಿಂದ ಬತ್ತಿಯನ್ನು ಎಣ್ಣೆಗೆ ಒತ್ತಿ ಬರುವೆನು. ಕೋಣೆ ಕತ್ತಲಾಗುತ್ತಿತ್ತು, ಮಾತು ಮಾತ್ರ ಬೆಳಗುತ್ತಲೇ ಇರುತ್ತಿತ್ತು. ಬಾಯಿ ತಪ್ಪಿ "ಆರಿಸಿದೆ" ಅಂದರೆ ಬೆನ್ನಿಗೆ ಒಂದು ಬೀಳುತ್ತಿತ್ತು. ಕೈಯ ಬಳೆ ಒಡೆದರೆ "ಹೆಚ್ಚಿದವು" ಅನ್ನಬೇಕು. ಮನೆಯಿಂದ ಹೊರಡುವವರು "ಬರ್ತೀನಿ" ಅನ್ನಬೇಕು, ಒಳಗಿದ್ದವರು "ಹೋಗಿ ಬಾ" ಅನ್ನಬೇಕು. ಬರೀ "ಹೋಗು" ಎಂಬ ಮಾತನ್ನು ಅವ್ವ ಹೊಸ್ತಿಲಿಗೆ ಬಂದ ಬೆಕ್ಕಿಗೂ ಅಂದವಳಲ್ಲ.

ಈಗ ನಾನು ಗದಗಿನ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಪದವಿಯ ಮಕ್ಕಳಿಗೆ ಸಣ್ಣಕಥೆಯ ಪಾಠದಲ್ಲಿ ಮಾಂತ್ರಿಕ ವಾಸ್ತವ ಎಂಬುದೊಂದು ಬರುತ್ತದೆ. ಗೈಡಿನಲ್ಲಿ ಅದಕ್ಕೆ ನಾಲ್ಕು ಸಾಲಿನ ವ್ಯಾಖ್ಯೆ ಇದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಗೈಡು ಮುಚ್ಚಿಡಿಸಿ ನಾನು ಅವ್ವನ ದೀಪದ ಮಾತು ಹೇಳುತ್ತಿದ್ದೆ. ಕಾದಂಬರಿಗೆ ಅಂಗಳ ದೊಡ್ಡದು, ಅಲ್ಲಿ ಸತ್ತವರು ಒಂದು ಕಡೆ, ಬದುಕಿದವರು ಒಂದು ಕಡೆ ಕೂತು ಊಟ ಮಾಡಬಹುದು. ಸಣ್ಣಕಥೆಗೆ ಇರುವುದು ಒಂದೇ ಕೋಣೆ. ಇರುವುದು, ಇಲ್ಲದಿರುವುದು ಎರಡೂ ಅಲ್ಲೇ ಮೈಗೆ ಮೈ ತಾಗಿಸಿಕೊಂಡು ಮಲಗಬೇಕು, ಕೆಲವೊಮ್ಮೆ ಒಂದೇ ಮಾತಿನ ಹೊದಿಕೆಯಲ್ಲಿ. ಪವಾಡವನ್ನು ಸಂತೆಯ ಸುದ್ದಿ ಹೇಳುವ ದನಿಯಲ್ಲಿ ಹೇಳಿರಿ, ಓದುವವನು ಎಲ್ಲಿ ಗೆರೆ ದಾಟಿದೆ ಎಂದು ಕೇಳುವುದನ್ನೇ ಮರೆಯುತ್ತಾನೆ. ಹೀಗೆಲ್ಲ ಹೇಳುವಾಗ ನನ್ನ ದನಿ ಏರುತ್ತಿತ್ತು. ಪುಸ್ತಕದವರಿಗೆ ತಿಳಿಯದ್ದು ನಮ್ಮ ಮನೆಯವರಿಗೆ ತಿಳಿದಿತ್ತು ಎಂಬ ಜಂಬ ನನಗೆ ಚೆನ್ನಾಗಿಯೇ ಇತ್ತು.

ಆ ಜಂಬದಲ್ಲೇ ಅಕ್ಕನ ಕಥೆ ಬರೆದೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳ ಮನೆ ಶಿರಹಟ್ಟಿಯಲ್ಲಿ. ಭಾವ ನೀರಿನ ಮೋಟಾರುಗಳ ವೈಂಡಿಂಗ್ ಮಾಡುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಮುಂಡರಗಿಯಲ್ಲಿ ಯಾರದೋ ಮೋಟಾರು ಸುಟ್ಟಿದೆ ಎಂದು ಹೊರಟವರು ಮರಳಲಿಲ್ಲ. ಮುಂಡರಗಿಯ ಬಸ್‌ ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ ಅವರ ಸಾಮಾನಿನ ಚೀಲ ಸಿಕ್ಕಿತು. "ಚೀಲ ಇಲ್ಲೇ ಇರ್ಲಿ, ಈಗ ಬರ್ತೀನಿ ಅಂದ್ರು" ಎಂದ ಅಂಗಡಿಯವನು. ಪೊಲೀಸರಿಗೆ ಅರ್ಜಿ ಕೊಟ್ಟೆವು. ಸುತ್ತಲಿನ ನಾಲ್ಕೂ ಊರಿನ ಬಸ್‌ ನಿಲ್ದಾಣಗಳಲ್ಲಿ ಫೋಟೋ ಅಂಟಿಸಿದೆವು, ಬಿಸಿಲಿಗೆ ಅವರ ಮುಖ ಬೆಳ್ಳಗಾಗಿ ಕಾಗದವಷ್ಟೇ ಉಳಿಯುವವರೆಗೆ ಅವು ಗೋಡೆಯ ಮೇಲಿದ್ದವು. ಹೆಣ ಸಿಗಲಿಲ್ಲ, ಖಬರೂ ಸಿಗಲಿಲ್ಲ.

ಏಳು ವರ್ಷ ಕಳೆದಾಗ, ಕಾಯ್ದೆಯ ಪ್ರಕಾರ ಇನ್ನು ಅವರನ್ನು ಸತ್ತವರೆಂದೇ ತಿಳಿಯಬಹುದು ಎಂದು ಬಳಗದವರೊಬ್ಬರು ಹೇಳಿ ನೋಡಿದರು. ಅಕ್ಕ ಅವರಿಗೆ ಚಹಾ ಕೊಟ್ಟು ಕಳಿಸಿದಳು. ಅವಳ ಕುಂಕುಮ ಹಾಗೇ ಇತ್ತು, ಹಸಿರು ಬಳೆ ಹಾಗೇ ಇದ್ದವು. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಮಗಳನ್ನು ಓದಿಸಿದಳು. ದಿನಾ ಸಂಜೆ ಹೊಸ್ತಿಲ ಪಕ್ಕದ ಗೂಡಿನಲ್ಲಿ ದೀಪ ಹಚ್ಚುವಳು, ಮಲಗುವಾಗ ದೊಡ್ಡದು ಮಾಡುವಳು. ಗಂಡನ ಬಗ್ಗೆ ಯಾರಾದರೂ ಕೇಳಿದರೆ "ಇಲ್ಲ" ಎನ್ನುತ್ತಿರಲಿಲ್ಲ. "ಬಂದಿಲ್ರಿ" ಎನ್ನುತ್ತಿದ್ದಳು.

ನನ್ನ ಕಥೆಯಲ್ಲಿ ಆ ಗಂಡ ಪ್ರತಿ ಚಳಿಗಾಲ ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಬರುವ ಹೆಬ್ಬಾತುಗಳ ಜೊತೆ ಬರುತ್ತಾನೆ. ಅಲ್ಲಿಯ ರೈತರಿಗೆ ಆ ಹಕ್ಕಿಗಳೆಂದರೆ ಅಷ್ಟಕ್ಕಷ್ಟೇ, ಹೊಲದ ಕಡಲೆ ಶೇಂಗಾ ಕಿತ್ತು ತಿನ್ನುತ್ತವೆ ಎಂದು ಬೈಯುತ್ತಾರೆ. ಕಥೆಯ ಹೆಂಡತಿಗೂ ಆಶ್ಚರ್ಯವೇನೂ ಆಗುವುದಿಲ್ಲ. ಕಾಲು ತೊಳೆದುಕೊಳ್ಳದೆ ಒಳಗೆ ಬಂದನೆಂದು ಗೊಣಗುತ್ತಾಳೆ, ಬಿಸಿ ರೊಟ್ಟಿ ಹಾಕುತ್ತಾಳೆ, ಎಲ್ಲಿದ್ದಿರಿ ಎಂದು ಕೇಳುವುದಿಲ್ಲ. ಬೆಳಿಗ್ಗೆ ಸಾರಿಸಿದ ನೆಲದ ಮೇಲೆ ಹಸಿ ಹೆಜ್ಜೆ ಇರುತ್ತವೆ, ಅವು ಮನುಷ್ಯನವೋ ಹಕ್ಕಿಯವೋ ಎಂದು ನೋಡುವ ಮೊದಲೇ ಅವಳು ನೆಲ ಒರೆಸುತ್ತಾಳೆ. ಕೊನೆಯ ಸಾಲು ಇದು: "ಅವಳು ದೀಪ ದೊಡ್ಡದು ಮಾಡಿ ಮಲಗಿದಳು."

ಅಚ್ಚಿಗೆ ಕಳಿಸುವ ಮೊದಲು ಶಿರಹಟ್ಟಿಗೆ ಹೋಗಿ ಅಕ್ಕನಿಗೆ ಓದಿ ಹೇಳಿದೆ. ಇಷ್ಟಾದರೂ ಮಾಡಿದೆನಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು. ಗಂಡ ಒದ್ದೆ ಕಾಲಿನಲ್ಲಿ ಬರುವ ಜಾಗದಲ್ಲಿ ಕೈ ನಿಂತಿತು. ಮುಗಿದ ಮೇಲೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಅಚ್ಚ ಹಾಕ್ಸು, ನಂದೇನೂ ತಕರಾರ ಇಲ್ಲ. ಕಡೀಕ ಅದೇನ ದೀಪದ ಮಾತ ಬರದಿ ನೋಡು, ಅದನ್ನ ಮಾತ್ರ ಹಂಗ ಇಡು," ಎಂದಳು.

ಆ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಇನ್ನೊಂದು ಮಾತು ಹೇಳಿದಳು. ಹನ್ನೊಂದು ವರ್ಷದಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಆ ದಿನ ಬೆಳಿಗ್ಗೆ ಏನೋ ಸಣ್ಣ ಜಗಳ, ನೀರು ತುಂಬಿಡಲಿಲ್ಲ ಅಂತಲೋ ಏನೋ. ಭಾವ ಬಾಗಿಲಲ್ಲಿ ನಿಂತು "ಬರ್ತೀನಿ" ಅಂದಾಗ ಇವಳು ಒಲೆಯ ಮುಂದಿನಿಂದ ತಲೆ ಎತ್ತಲಿಲ್ಲ.

"ಹೋಗಿ ಬರ್ರಿ ಅನಬೇಕಿತ್ತು. ಸಿಟ್ಟಿನ್ಯಾಗ ಬರೇ ಹೋಗ್ರಿ ಅಂದ್ಬಿಟ್ಟೆ. ಹೋದ್ರು ನೋಡು," ಎಂದಳು. "ಇದನ್ನ ಮಾತ್ರ ಎಲ್ಲೂ ಬರೀಬ್ಯಾಡ."

ಆ ಕಥೆಯಲ್ಲಿ ಬರೆಯಲಿಲ್ಲ. ಇಲ್ಲಿ ಬರೆದುಬಿಟ್ಟೆ. ನನ್ನಂಥವರ ಕೈಗೆ ಮಾತು ಕೊಟ್ಟು ಕೆಟ್ಟವರ ಸಾಲಿನಲ್ಲಿ ಅಕ್ಕ ಮೊದಲಿಗಳು.

ತರಗತಿಯಲ್ಲೂ ಆ ಕಥೆ ಓದಿದೆ. ಬೆಟಗೇರಿಯ ಒಂದು ಹುಡುಗಿ, ನೇಕಾರರ ಮನೆಯವಳು, ಎದ್ದು ನಿಂತು ಕೇಳಿದಳು: "ಎಲ್ಲಾ ಛಲೋ ಐತ್ರಿ ಮೇಡಂ. ಆದ್ರ ಖರೆ ಹೇಳ್ರಿ, ಅಂವ ಅದಾನೋ ಇಲ್ಲೋ?" ತರಗತಿ ನಕ್ಕಿತು. ನಾನೂ ನಕ್ಕು, "ಇದು ಒಂದು ಮಾರ್ಕಿನ ಪ್ರಶ್ನೆ ಅಲ್ಲವ್ವಾ, ಕೂಡು," ಎಂದೆ. ಹುಡುಗಿ ಕೂತಳು, ಆದರೆ ನಗಲಿಲ್ಲ. ಉತ್ತರ ತಿಳಿಯದೆ ಹುಡುಗಿಯನ್ನು ಗೇಲಿ ಮಾಡಿದೆ ಎಂದು ಈಗ ಗೊತ್ತಾಗುತ್ತದೆ.

ಕಥೆಯನ್ನು ಬೆಂಗಳೂರಿನ ಒಂದು ಮಾಸಪತ್ರಿಕೆ ಒಪ್ಪಿಕೊಂಡಿತು. ನಾನು ಉತ್ತರಪತ್ರಿಕೆಗಳ ಮೌಲ್ಯಮಾಪನದಲ್ಲಿ ಮುಳುಗಿದ್ದ ಒಂದು ಮಧ್ಯಾಹ್ನ ಸಂಪಾದಕರ ಫೋನು ಬಂತು. "ಮೇಡಂ, ಕಥೆ ತುಂಬಾ ಚೆನ್ನಾಗಿದೆ. ಕೊನೇ ಸಾಲು ಮಾತ್ರ ಯಾಕೋ ಎಡವುತ್ತೆ. ದೀಪ ದೊಡ್ಡದು ಮಾಡ್ಕೊಂಡು ಯಾರಾದ್ರೂ ಮಲಗ್ತಾರಾ?"

"ಅಂದರೆ ಆರಿಸುವುದು ಅಂತ," ಎಂದೆ.

"ಓ, ಹಾಗಾದ್ರೆ ಆರಿಸಿದಳು ಅಂತಲೇ ಹಾಕೋಣ್ವಾ? ಓದುಗರಿಗೆ ಗೊಂದಲ ಬೇಡ. ಇವತ್ತೇ ಪ್ರಿಂಟಿಗೆ ಹೋಗ್ಬೇಕು."

"ಹಾಕಿ," ಎಂದೆ.

ಕೆಲಸದ ಅವಸರವಿತ್ತು ಎಂಬುದು ನಿಜ. ಆದರೆ ಅದಷ್ಟೇ ಅಲ್ಲ. ಆ ಫೋನಿನಲ್ಲಿ ಅವ್ವನ ಮಾತು ನನಗೇ ಹಳ್ಳಿಗಮಾರತನದಂತೆ ಕೇಳಿಸಿತು. ತರಗತಿಯಲ್ಲಿ ಎದೆ ಸೆಟೆಸಿ ಹೇಳಿಕೊಂಡದ್ದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಲು ನಾಚಿಕೆಯಾಯಿತು. ಇದು ಹೀಗೇ ಇರಬೇಕು, ಇಲ್ಲದಿದ್ದರೆ ಕಥೆ ಬೇಡ, ಎನ್ನಲು ಅರ್ಧ ನಿಮಿಷ ಸಾಕಿತ್ತು. ನಾನು ಅನ್ನಲಿಲ್ಲ.

ಕಥೆ ಅಚ್ಚಾಗಿ ಬರುವ ಹೊತ್ತಿಗೆ ಅಕ್ಕನ ಮಗಳಿಗೆ ಲಕ್ಷ್ಮೇಶ್ವರದಲ್ಲಿ ಸಂಬಂಧ ಗಟ್ಟಿಯಾಗಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಹುಡುಗನ ತಾಯಿ ನಿವೃತ್ತ ಶಿಕ್ಷಕಿ. ಮಾತು ಮೆತ್ತಗೆ, ಓದುವ ಹವ್ಯಾಸ ಬಹಳ. ಲಗ್ನಕ್ಕೆ ಇನ್ನು ಎರಡು ವಾರ ಇರುವಾಗ ಅವರು ಒಬ್ಬರೇ ಗದಗಿನ ನಮ್ಮ ಮನೆಗೆ ಬಂದರು. ಕೈಚೀಲದಿಂದ ಆ ಮಾಸಪತ್ರಿಕೆ ತೆಗೆದು ಟೀಪಾಯಿ ಮೇಲಿಟ್ಟರು.

"ಓದಿದ್ನಿರಿ. ಅತ್ತುಬಿಟ್ಟೆ," ಎಂದರು. ಆಮೇಲೆ, "ಕೆಟ್ಟ ಮನಸ್ಸಿನಿಂದ ಹೇಳಾಕತ್ತಿಲ್ರಿ, ತಪ್ಪ ತಿಳ್ಕೋಬ್ಯಾಡ್ರಿ. ಅರಿಷಿಣ ಹಚ್ಚೂದಕ್ಕ ಅಕ್ಕಾರ ಬದಲಿ ನೀವ ಮುಂದ ನಿಂತ್ರ ಛಲೋ ಆಗ್ತೈತಿ," ಎಂದರು.

ಮದುಮಗಳಿಗೆ ಐದು ಜನ ಮುತ್ತೈದೆಯರು ಅರಿಶಿನ ಹಚ್ಚಬೇಕು. ಮೊದಲ ಕೈ ತಾಯಿಯದು ಎಂಬುದು ನಮ್ಮ ಕಡೆಯ ರೂಢಿ. ಅಕ್ಕ ಹನ್ನೊಂದು ವರ್ಷ ಬಳೆ, ಕುಂಕುಮ ಕಾಪಾಡಿಕೊಂಡು ಬಂದದ್ದು ಗಂಡನಿಗಾಗಿ ಎಷ್ಟೋ, ಈ ಒಂದು ಬೆಳಿಗ್ಗೆಗಾಗಿಯೂ ಅಷ್ಟೇ ಎಂದು ನನಗೆ ಗೊತ್ತಿತ್ತು.

"ಅದು ಕಥೀರಿ," ಎಂದೆ. ದನಿ ಏರಿತು.

"ಕಥಿ ಅಂತ ಗೊತ್ತೈತ್ರಿ. ನಾನೂ ಮೂವತ್ತ ವರ್ಷ ಸಾಲಿ ಕಲಿಸೇನಿ. ಆದ್ರ ಒಡಹುಟ್ಟಿದ ತಂಗೀನೇ 'ದೀಪ ಆರಿಸಿದಳು' ಅಂತ ಬರದ ಮ್ಯಾಲ ನಾವು ಏನ್ ತಿಳ್ಕೋಬೇಕ್ರಿ? ಮನ್ಯಾಗ ಎಲ್ಲಾರೂ ಕೈಬಿಟ್ಟಾರ, ಅಕ್ಕಾರೂ ಒಳಗೊಳಗ ಕೈಬಿಟ್ಟಾರ ಅಂತ ಅಲ್ಲೇನ್ರಿ?"

ಅಚ್ಚಿನಲ್ಲಿ ಮಾತು ಬದಲಾಗಿದೆ, ನಾನು ಬರೆದದ್ದು "ದೊಡ್ಡದು ಮಾಡಿ" ಎಂದು ಹೇಳಿದೆ. ಯಾರು ಬದಲಿಸಿದರು ಎಂದು ಹೇಳಲಿಲ್ಲ. ಅವರು ಸ್ವಲ್ಪ ಯೋಚಿಸಿ, "ದೊಡ್ಡದು ಮಾಡೂದು ಅಂದ್ರೂ ಆರಸೂದ ಅಲ್ಲೇನ್ರಿ?" ಎಂದರು. ಮತ್ತೆ ತೀರ ಮೆತ್ತಗೆ, ಬೆಟಗೇರಿಯ ಆ ಹುಡುಗಿ ಕೇಳಿದ್ದನ್ನೇ ಕೇಳಿದರು: "ಖರೆ ಹೇಳ್ರಿ. ಅವ್ರು ಅದಾರೋ ಇಲ್ಲೋ?"

ಈ ಸಲ ನಗಲು ಆಗಲಿಲ್ಲ. ಇದ್ದಾನೆ, ಇಲ್ಲ ಎಂಬೆರಡನ್ನೂ ಒಂದೇ ಹೊದಿಕೆಯಲ್ಲಿ ಮಲಗಿಸಬಲ್ಲೆ ಎಂದು ಕೊಚ್ಚಿಕೊಂಡಿದ್ದ ನನಗೆ, ಎದುರಿಗೆ ಕೂತ ಹೆಂಗಸಿಗೆ ಹೇಳಲು ಒಂದು ಮಾತೂ ಇರಲಿಲ್ಲ. ಕಥೆಗೆ ಎರಡೂ ಒಗ್ಗುತ್ತವೆ. ಅರಿಶಿನದ ಬಟ್ಟಲು ಮಾತ್ರ ಯಾರಾದರೂ ಒಬ್ಬರ ಕೈಯಲ್ಲೇ ಇರಬೇಕು. ಒಳಗಿನ ಕೋಣೆಯಲ್ಲಿ ನನ್ನ ಗಂಡ ಟಿವಿಯಲ್ಲಿ ಕ್ರಿಕೆಟ್ ನೋಡುತ್ತ ಜೋರಾಗಿ ಕೂಗಿದ. ಅವನು ಇದ್ದಾನೆ ಎಂಬುದರಲ್ಲಿ ಯಾರಿಗೂ ಸಂಶಯ ಬರುವಂತಿರಲಿಲ್ಲ.

ಮರುದಿನ ಶಿರಹಟ್ಟಿಯ ಬಸ್ಸು ಹತ್ತಿದೆ. ಮಾಗಡಿ ದಾಟುವಾಗ ಕೆರೆಯ ಮೇಲೆ ಹಕ್ಕಿಗಳು ಕೂತಿದ್ದವು. ಪ್ರತಿ ಸಲ ಕಿಟಕಿಗೆ ಮುಖ ಹಚ್ಚಿ ನೋಡುವವಳು ಆ ದಿನ ಮುಖ ತಿರುಗಿಸಿ ಕೂತೆ.

ಅಕ್ಕ ಮಾಸಪತ್ರಿಕೆಯನ್ನು ಆಗಲೇ ಓದಿದ್ದಳು. ಅವಳು ಕಲಿತದ್ದು ಏಳನೆಯ ಇಯತ್ತೆ, ಅಕ್ಷರಗಳ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದುತ್ತಾಳೆ. ಕೊನೆಯ ಸಾಲಿನ ಕೆಳಗೆ ಹಿಟ್ಟಿನ ಬೆರಳಿನ ಗುರುತು ಇತ್ತು.

"ಯಾರ ಬದಲ್ ಮಾಡಿದ್ರು?" ಎಂದಳು.

"ಆ ಬೆಂಗಳೂರಿನಾವ್ರು. ನನ್ನ ಕೇಳಲೇ ಇಲ್ಲ," ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಅವರಿಗೆ ನಮ್ಮ ಭಾಷೆಯ ಕಿಮ್ಮತ್ತು ಗೊತ್ತಿಲ್ಲ, ಎಲ್ಲವನ್ನೂ ತಮ್ಮ ಅಳತೆಗೆ ಕತ್ತರಿಸುತ್ತಾರೆ ಎಂದು ಹತ್ತು ನಿಮಿಷ ಕೂಗಾಡಿದೆ. ಅಕ್ಕ ನನ್ನ ಮುಖವನ್ನೇ ನೋಡಿದಳು. "ಹೌದಾ," ಎಂದು ಮತ್ತೊಂದು ಹಿಟ್ಟಿನ ಉಂಡೆ ತಗೊಂಡಳು.

ಲಕ್ಷ್ಮೇಶ್ವರದವರ ಮಾತನ್ನೂ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ರೊಟ್ಟಿ ತೆಳ್ಳಗಾಗಿ ಅಂಚು ಹರಿಯಿತು. ಅದನ್ನು ಮುದ್ದೆ ಮಾಡಿ ಮತ್ತೆ ಬಡಿದಳು. "ಆ ದಿನ ಬರ್ಲಿ, ನೋಡೂಣು," ಎಂದಳು.

ಆ ದಿನ ಬಂತು. ಬೆಳಿಗ್ಗೆ ಅಂಗಳದಲ್ಲಿ ಮಣೆ ಹಾಕಿ ಮಗಳನ್ನು ಕೂಡಿಸಿದ್ದರು. ಅಕ್ಕ ಹೊಸ ಇಳಕಲ್ ಸೀರೆ ಉಟ್ಟು, ಎರಡೂ ಕೈ ತುಂಬ ಹಸಿರು ಬಳೆ ತೊಟ್ಟು, ಅರಿಶಿನದ ಬಟ್ಟಲನ್ನು ತಾನೇ ಹಿಡಿದು ಮಗಳ ಎದುರಿಗೆ ಕೂತಿದ್ದಳು. ಅಷ್ಟು ಚೆಂದ ಅವಳನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಲಕ್ಷ್ಮೇಶ್ವರದ ಹೆಂಗಸರು ಬಂದರು. ಹುಡುಗನ ತಾಯಿ ಬಟ್ಟಲನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹಾಡುತ್ತಿದ್ದವರು ಹಾಡು ನಿಲ್ಲಿಸಿದರು.

ಆಗ ನಾನು ಮಾತಾಡಬೇಕಿತ್ತು. ಬಸ್ಸಿನಲ್ಲಿ ಬರುವಾಗ ಎಲ್ಲ ಜೋಡಿಸಿಕೊಂಡಿದ್ದೆ. ಆ ಮಾತನ್ನು ಒಪ್ಪಿ ಹಾಕಿಸಿದವಳು ನಾನು, ಅಕ್ಕ ಯಾವ ದೀಪವನ್ನೂ ಆರಿಸಿಲ್ಲ, ತಪ್ಪು ನನ್ನದು, ಬಟ್ಟಲು ಅವಳದು. ಇಷ್ಟೇ. ತರಗತಿಯಲ್ಲಿ ಗಂಟೆಗಟ್ಟಲೆ ಆಡುವ ಬಾಯಿಗೆ ಬೀಗ ಬಿದ್ದಿತ್ತು. ಅಷ್ಟು ಹೆಂಗಸರ ಮುಂದೆ, ಎರಡು ವಾರದ ಹಿಂದೆ ಹೇಳಿದ ಸುಳ್ಳು ಅಕ್ಕನಿಗೆ ತಿಳಿದುಬಿಡುತ್ತದಲ್ಲ ಎಂಬ ಒಂದೇ ಭಯ ನನ್ನನ್ನು ಹಿಡಿದು ನಿಲ್ಲಿಸಿತು.

ಕೊನೆಗೆ ಹುಡುಗನ ತಾಯಿಯೇ, "ಅಕ್ಕಾರ, ನೀವ ಹೇಳಿಬಿಡ್ರಿ. ನೀವು ಹೇಳಿದ್ಹಂಗ ಆಗ್ಲಿ," ಎಂದರು.

ಅಕ್ಕ ತಲೆ ಎತ್ತಿದಳು. "ಬರ್ತೀನಂತ ಹೇಳಿ ಹೋಗ್ಯಾರ್ರಿ," ಎಂದಳು.

ಒಬ್ಬ ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆದರೆ ಹಾಡು ಮತ್ತೆ ಶುರುವಾಗಲಿಲ್ಲ, ಯಾರೂ ಮಣೆಯ ಹತ್ತಿರ ಬರಲೂ ಇಲ್ಲ. ಅಕ್ಕ ಅದನ್ನು ಅರ್ಥಮಾಡಿಕೊಂಡಳು. ಮಗಳ ಕಡೆ ಒಮ್ಮೆ ನೋಡಿ, ಎದ್ದು ಬಂದು ಬಟ್ಟಲನ್ನು ನನ್ನ ಕೈಗಿಟ್ಟಳು.

"ಹಚ್ಚು," ಎಂದಳು. "ಹೊತ್ತ ಮೀರ್ತೈತಿ."

ನಾನು ಹಚ್ಚಿದೆ. ಗಲ್ಲಕ್ಕೆ, ಕೈಗೆ, ಪಾದಕ್ಕೆ. ಮಗಳು ನನ್ನ ಕಡೆ ನೋಡಲಿಲ್ಲ. ಅವಳ ಕಣ್ಣು ನನ್ನ ಭುಜದ ಹಿಂದೆ, ಅಡಿಗೆಮನೆಯ ಬಾಗಿಲಲ್ಲಿ ನಿಂತ ತನ್ನ ಅವ್ವನ ಮೇಲೆ ಇದ್ದವು. ಹಾಡು ಶುರುವಾಯಿತು.

ಮರುದಿನ ಲಕ್ಷ್ಮೇಶ್ವರದಲ್ಲಿ ಲಗ್ನ ಸಾಂಗವಾಗಿ ಮುಗಿಯಿತು. ಹುಡುಗನ ತಾಯಿ ಅಕ್ಕನ ಎರಡೂ ಕೈ ಹಿಡಿದು, "ನಿಮ್ಮ ಮಗಳು ಇನ್ನ ನನ್ನ ಮಗಳ್ರಿ," ಎಂದರು. ಅದು ಬಾಯಿಮಾತಲ್ಲ ಎಂದು ನನಗೂ ಅನಿಸಿತು. ಅವರ ಮೇಲೆ ಸಿಟ್ಟು ಮಾಡಲು ಏನಾದರೂ ಸಿಕ್ಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮಗಳು ಕಾರು ಹತ್ತುವಾಗ "ಬರ್ತೀನವ್ವಾ" ಎಂದು ಅತ್ತಳು. "ಹೋಗಿ ಬಾ, ನನ ಕೂಸ," ಎಂದಳು ಅಕ್ಕ. ಬಾ ಎಂಬುದನ್ನು ಒತ್ತಿ ಹೇಳಿದಳು.

ಅಕ್ಕನನ್ನು ಶಿರಹಟ್ಟಿಯ ಮನೆಗೆ ಮುಟ್ಟಿಸಿದಾಗ ಸಂಜೆಯಾಗಿತ್ತು. ಅಂಗಳದಲ್ಲಿ ಒಣಗಿದ ಅರಿಶಿನ ಇನ್ನೂ ಅಂಟಿಕೊಂಡಿತ್ತು. ಗೋಡೆಯ ಗೂಟಕ್ಕೆ ಭಾವನ ಚೀಲ ನೇತಾಡುತ್ತಿತ್ತು. ಅಕ್ಕ ಕೈಕಾಲು ತೊಳೆದು ಬಂದು ಗೂಡಿನಲ್ಲಿ ದೀಪ ಹಚ್ಚಿದಳು. ಅವಳು ಬತ್ತಿ ಸರಿಮಾಡುತ್ತಿರುವಾಗ ಅವಳ ಬೆನ್ನಿಗೆ ನಾನು ಎಲ್ಲವನ್ನೂ ಹೇಳಿದೆ. ಫೋನು ಬಂದದ್ದು, ನನ್ನನ್ನು ಕೇಳಿದ್ದು, ನಾನು "ಹಾಕಿ" ಎಂದದ್ದು.

ಅವಳು ತಿರುಗಲಿಲ್ಲ. "ನನಗ ಗೊತ್ತಿತ್ತು," ಎಂದಳು. "ಸುಳ್ಳ ಹೇಳಬೇಕಾದ್ರ ನೀ ಸಣ್ಣಾಕಿದ್ದಾಗಿಂದ ಹಿಂಗ ಸಿಟ್ಟಿಗೇಳ್ತಿ. ಅವತ್ತ ಬೆಂಗಳೂರಿನಾವ್ರನ್ನ ಅಷ್ಟೊಂದು ಬೈದಿ, ಆವಾಗ ಗೊತ್ತಾತು."

"ತಪ್ಪಾತಕ್ಕಾ."

"ಅಚ್ಚಿಂದೇನ ಬಿಡು, ಕಾಗದ. ನಿನ್ನಿ ಅಂಗಳದಾಗ ಒಂದ ಮಾತ ಹೇಳಿದ್ದರ ಸಾಕಿತ್ತಲ್ಲ. ನಿನ್ನ ಮಾರಿ ನೋಡ್ಕೋತ ಕುಂತಿದ್ದೆ ನಾನು. ಯಾಕ ಸುಮ್ನ ನಿಂತಿ?"

ಉತ್ತರಕ್ಕೆ ಅವಳು ಕಾಯಲಿಲ್ಲ. ರೊಟ್ಟಿಯ ಬುಟ್ಟಿ ತೆಗೆದು ಒರೆಸತೊಡಗಿದಳು, ಮರುದಿನ ಖಾನಾವಳಿಗೆ ಕೊಡಬೇಕಿತ್ತು. ಉಣ್ಣು ಎನ್ನಲಿಲ್ಲ, ಇರು ಎನ್ನಲಿಲ್ಲ. ಗದಗಿನ ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಚೀಲ ತಗೊಂಡು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿದೆ.

"ಬರ್ತೀನಕ್ಕಾ," ಎಂದೆ.

"ಹೋಗು," ಎಂದಳು.

ಅವಳು ಬುಟ್ಟಿಯಿಂದ ತಲೆ ಎತ್ತಲಿಲ್ಲ. ಹೊಸ್ತಿಲಲ್ಲಿ ನಿಂತವರಿಗೆ ಅಕ್ಕ ಆ ಮಾತು ಆಡಿದ್ದು ಅದು ಎರಡನೆಯ ಸಲ.